ಮೊದಲೇ ಹೇಳಿಟ್ಟ ಊಟ

ಪ್ರವಾಸಕ್ಕೆ ಹೊರಟವನು ತನ್ನ ಚಿತ್ತವನ್ನು ದೇವಾಲಯದ ಶಿಲ್ಪದಲ್ಲಿಯೋ ನದೀತೀರದ ಶಾಂತಿಯಲ್ಲಿಯೋ ಎಷ್ಟೇ ನೆಟ್ಟಿರಲಿ, ಸೂರ್ಯನು ನೆತ್ತಿಗೇರುವ ಹೊತ್ತಿಗೆ ಇಂದಿನ ಊಟವೆಲ್ಲಿ ಎಂಬ ಪ್ರಶ್ನೆ ಅವನ ಮುಂದೆ ಬಂದು ನಿಲ್ಲದೆ ಇರುವುದಿಲ್ಲ. ನಮ್ಮ ಹಿರಿಯರು ಈ ಪ್ರಶ್ನೆಗೆ ಬುತ್ತಿಯನ್ನು ಉತ್ತರವಾಗಿ ಕಟ್ಟಿಕೊಂಡು ಹೊರಡುತ್ತಿದ್ದರು. ಬುತ್ತಿ ತೀರಿದ ಮೇಲೆ ಮಠದ ದಾಸೋಹವಿತ್ತು, ಬೀಗರ ಮನೆಯಿತ್ತು, ಸಂತೆಯ ಊರಿನಲ್ಲಿ ಖಾನಾವಳಿಯಿತ್ತು. ಪ್ರವಾಸ ಕಥನಗಳನ್ನು ಬರೆದವರಲ್ಲಿ ಬಹುಮಂದಿ ಊಟದ ಸಂಗತಿಯನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿ ಗೋಪುರದ ಕಡೆಗೆ ಕಣ್ಣೆತ್ತುತ್ತಾರೆ. ಈ ಸಲ ಹಾವೇರಿಯ ಸೀಮೆಯಲ್ಲಿ ಸಂಚರಿಸುವಾಗ ನನ್ನ ದೃಷ್ಟಿ ಮಾತ್ರ ಮತ್ತೆ ಮತ್ತೆ ಒಲೆಯ ಕಡೆಗೇ ಹರಿಯಿತು. ಅದಕ್ಕೆ ಕಾರಣ, ಈ ಸೀಮೆಗೆ ಸಾವಿರಾರು ಮೈಲಿ ದೂರದಲ್ಲಿ ತೇಲುವ ಒಂದು ಹಡಗು.

ರಾಣೆಬೆನ್ನೂರಿನಲ್ಲಿ ನನ್ನ ಅಕ್ಕನ ಮನೆ. ಭಾವನವರು ಪ್ರೌಢಶಾಲೆಯಲ್ಲಿ ಗಣಿತವನ್ನು ಬೋಧಿಸಿ ನಿವೃತ್ತರಾದವರು. ಇಂಗ್ಲೆಂಡಿನಲ್ಲಿ ನೆಲೆಸಿರುವ ಅವರ ಮಗಳೂ ಅಳಿಯನೂ ತಂದೆತಾಯಿಗಳನ್ನು ಕರೆಸಿಕೊಂಡು, ಸೌತಾಂಪ್ಟನ್ ಬಂದರಿನಿಂದ ಹೊರಟು ಸ್ಪೇನು, ಇಟಲಿಗಳ ತೀರವನ್ನು ಮುಟ್ಟಿ ಮರಳುವ ವಿಹಾರನೌಕೆಯೊಂದರಲ್ಲಿ ಸ್ಥಳವನ್ನು ಗೊತ್ತುಮಾಡಿದ್ದರು. ನಾನು ಹೋದ ವೇಳೆಗೆ ಆ ಹಡಗಿನ ಭೋಜನಶಾಲೆಗಳ ಪಟ್ಟಿ ಬಂದಿತ್ತು. ಟಿಕೇಟಿನ ಹಣದಲ್ಲಿಯೇ ಸೇರಿದ ದೊಡ್ಡ ಊಟದ ಮನೆಯಲ್ಲದೆ, ಬೇರೆ ಹಣ ತೆತ್ತು ಮುಂಚಿತವಾಗಿ ಹೆಸರು ಬರೆಸಿದವರಿಗೆ ಮಾತ್ರ ತೆರೆಯುವ ವಿಶೇಷ ಭೋಜನಶಾಲೆಗಳು ಹಲವಿದ್ದುವು: ಇಟಲಿಯದೊಂದು, ಫ್ರಾನ್ಸಿನದೊಂದು, ಜಪಾನಿನದೊಂದು, ನಮ್ಮ ದೇಶದ್ದೊಂದು. ಹೊರಡುವ ಮೊದಲೇ ಆರಿಸದಿದ್ದರೆ ಆಮೇಲೆ ಸ್ಥಳ ಸಿಕ್ಕುವುದು ಕಷ್ಟವೆಂದು ಮಗಳು ಎಚ್ಚರಿಸಿದ್ದಳು. ಭಾವನವರು ಪಟ್ಟಿಯನ್ನು ಕಾಗದದ ಮೇಲೆ ಅಚ್ಚುಹಾಕಿಸಿ, ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ ಹಳೆಯ ಅಭ್ಯಾಸದಿಂದ ಕೆಂಪು ಪೆನ್ಸಿಲನ್ನು ಹಿಡಿದು ಕುಳಿತಿದ್ದರು. ಅಕ್ಕ ನನ್ನ ಕೈಗೆ ಪಟ್ಟಿಯನ್ನು ಕೊಟ್ಟು, "ತಮ್ಮಾ, ನೀ ಊರೂರು ತಿರುಗ್ಯಾಡಿದಾಂವ. ಯಾವದರಾಗ ಕುಂತ್ರ ನಮ್ಮ ಹೊಟ್ಟಿ ತುಂಬತೈತಿ, ನೀನ ನೋಡಿ ಹೇಳು" ಎಂದಳು. ನನಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. ಪಟ್ಟಿಯನ್ನು ಜೇಬಿನಲ್ಲಿರಿಸಿಕೊಂಡು ತಿರುಗಾಟಕ್ಕೆ ಹೊರಟೆನು.

ವಿಹಾರನೌಕೆಗಳ ಊಟದ ಕ್ರಮವನ್ನು ಅರಿಯದ ವಾಚಕರಿಗಾಗಿ ಇಲ್ಲಿ ನಾಲ್ಕು ಮಾತು ಹೇಳಬೇಕು. ದೊಡ್ಡ ಹಡಗೊಂದರಲ್ಲಿ ಸಾವಿರಗಟ್ಟಲೆ ಪ್ರಯಾಣಿಕರಿರುತ್ತಾರೆ. ಅವರಿಗೆಲ್ಲ ಸಾಮಾನ್ಯವಾದ ಭೋಜನಶಾಲೆಯಲ್ಲಿ ಹಳೆಯ ಸಂಪ್ರದಾಯದಂತೆ ಎರಡು ಪಂಕ್ತಿ: ಸಂಜೆಯದೊಂದು, ರಾತ್ರಿಯದೊಂದು, ಒಂದು ಕುಟುಂಬಕ್ಕೆ ಗೊತ್ತಾದ ಮೇಜು, ಯಾತ್ರೆ ಮುಗಿಯುವವರೆಗೂ ಅದೇ ಬಡಿಸುವವರು. ವಿಶೇಷ ಭೋಜನಶಾಲೆಗಳಾದರೋ ಚಿಕ್ಕವು. ಅಲ್ಲಿ ಆಸನಗಳು ಕೆಲವೇ, ಪಾಕಶಾಲೆ ಚಿಕ್ಕದು, ಬಾಣಸಿಗರು ಒಂದೇ ಬಗೆಯ ಅಡಿಗೆಯಲ್ಲಿ ಪಳಗಿದವರು. ಜಪಾನಿನ ಕ್ರಮದಲ್ಲಿ ಕಾದ ಉಕ್ಕಿನ ಹಂಚಿನ ಸುತ್ತ ಉಣ್ಣುವವರನ್ನು ಕೂರಿಸಿ ಅವರ ಕಣ್ಣೆದುರಿಗೇ ಬೇಯಿಸಿ ಬಡಿಸುವ ಶಾಲೆಯಲ್ಲಿ ಒಂದು ಹಂಚಿಗೆ ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚಿಗೆ ಕೂಡುವಂತಿಲ್ಲವಾದ್ದರಿಂದ ಎಲ್ಲಕ್ಕಿಂತ ಮೊದಲು ತುಂಬುವುದು ಸಾಧಾರಣವಾಗಿ ಅದೇ. ಹಡಗು ಬಂದರಿಗೆ ತಾಗದೆ ನಡುಗಡಲಿನಲ್ಲಿಯೇ ಸಾಗುವ ದಿನಗಳ ಸಂಜೆಯೂ ಬೇಗ ತುಂಬುತ್ತದೆ. ಹತ್ತಿದ ಮೊದಲ ರಾತ್ರಿ ಜನರಿನ್ನೂ ತಮ್ಮ ಕೋಣೆಗಳನ್ನು ಹುಡುಕಿಕೊಳ್ಳುವುದರಲ್ಲಿರುವುದರಿಂದ ಸ್ಥಳ ಸುಲಭ. ಹೆಸರು ಬರೆಸಿ ಬಾರದವರಿಂದ ಹಲವು ಹಡಗುಗಳಲ್ಲಿ ದಂಡವನ್ನೂ ವಸೂಲು ಮಾಡುತ್ತಾರೆ.

ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ. 1905ರಲ್ಲಿ ಜರ್ಮನಿಯ 'ಅಮೇರಿಕಾ' ಎಂಬ ಹಡಗಿನಲ್ಲಿ, ಪ್ರಯಾಣದ ಹಣಕ್ಕೆ ಸೇರದ, ಬೇಕಾದುದನ್ನು ಆರಿಸಿ ತರಿಸಿಕೊಳ್ಳುವ ಭೋಜನಶಾಲೆಯು ಪ್ರಥಮವಾಗಿ ತೆರೆಯಿತು. 1912ರಲ್ಲಿ ಮುಳುಗಿದ 'ಟೈಟಾನಿಕ್' ಹಡಗಿನಲ್ಲಿಯೂ ಮೊದಲನೆಯ ದರ್ಜೆಯ ಪ್ರಯಾಣಿಕರಿಗೆ ಅಂತಹುದೊಂದಿದ್ದಿತು. ಲೂಯಿಜಿ ಗ್ಯಾಟಿ ಎಂಬ ಇಟಲಿಯವನು ಅದನ್ನು ನಡೆಸುತ್ತಿದ್ದನು. ಆ ಭೋಜನಶಾಲೆಯಲ್ಲಿ ದುಡಿಯುತ್ತಿದ್ದ ಅರುವತ್ತಕ್ಕೂ ಮಿಕ್ಕಿದ ಜನರಲ್ಲಿ ಬದುಕಿ ಉಳಿದವರು 3 ಮಂದಿ ಮಾತ್ರ. ಮುಳುಗಿದ ಶ್ರೀಮಂತರ ಹೆಸರುಗಳನ್ನು ಲೋಕವು ಇಂದಿಗೂ ಸ್ಮರಿಸುತ್ತದೆ. ಅವರಿಗೆ ಅಟ್ಟು ಬಡಿಸಿದವರನ್ನು ಸ್ಮರಿಸುವವರು ವಿರಳ. ಊಟದ ಮಾತು ಬಂದಾಗಲೆಲ್ಲ ಉಂಡವರ ಸುದ್ದಿಯೇ ಮುಂದಾಗಿ ಅಟ್ಟವರ ಸುದ್ದಿ ಹಿಂದಾಗುವ ಈ ಅನ್ಯಾಯ ನನ್ನನ್ನು ಬಹುಕಾಲದಿಂದ ಬಾಧಿಸುತ್ತಿದೆ.

ಸಮುದ್ರವು ಹಾವೇರಿಯ ಜನಕ್ಕೆ ಅಪರಿಚಿತವೆಂದು ಭಾವಿಸುವವರು ಇದೇ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರನ್ನು ನೆನೆಯಬೇಕು. ಎಲೆಬಳ್ಳಿಗೂ ಖಾರಕ್ಕೂ ಹೆಸರಾದ ಆ ಬಯಲುಸೀಮೆಯ ಊರಿನಲ್ಲಿ ಹುಟ್ಟಿದವರು 1930ರ ದಶಕದಲ್ಲಿ ಹಡಗನ್ನೇರಿ ಆಕ್ಸ್‌ಫರ್ಡಿಗೆ ಹೋಗಿ ಬಂದರು. ಆ ಯಾನದ ಫಲವಾಗಿ ಕನ್ನಡಕ್ಕೆ 'ಸಮುದ್ರ ಗೀತೆಗಳು' ದೊರೆತುವು. ಅಕ್ಕನೂ ಭಾವನವರೂ ಹೋಗಲಿರುವ ನೀರಿನ ಮೇಲೆ ಈ ಸೀಮೆಯವರ ಹೆಜ್ಜೆ ಮೊದಲೇ ಮೂಡಿದೆ ಎಂಬ ಸಮಾಧಾನ ನನ್ನದು.

ರಾಣೆಬೆನ್ನೂರು ವ್ಯಾಪಾರಿಗಳ ಊರು. ಬಿತ್ತನೆಯ ಬೀಜದ ಅಂಗಡಿಗಳ ಸಾಲು, ಹತ್ತಿಯ ಮತ್ತು ಗೋವಿನಜೋಳದ ಲಾರಿಗಳು, ಪುಣೆ ಬೆಂಗಳೂರು ಹೆದ್ದಾರಿಯ ನಿಲ್ಲದ ಸದ್ದು. ಊರ ಹೊರಗೆ, 1974ರಲ್ಲಿ ಸ್ಥಾಪಿತವಾದ 119 ಚದರ ಕಿಲೋಮೀಟರಿನ ಕೃಷ್ಣಮೃಗಗಳ ಅಭಯಾರಣ್ಯ. ನಸುಕಿನಲ್ಲಿ ಅಲ್ಲಿಗೆ ಹೋಗುವ ಮನಸ್ಸಿನಿಂದ ಹೊರಟ ನಾನು ಬಸ್ಸಿನ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಖಾನಾವಳಿಯ ಬಾಗಿಲಿನ ಮುಂದೆ ನಿಂತೆನು. ಕಾರಣ, ರೊಟ್ಟಿ ಬಡಿಯುವ ಸಪ್ಪಳ. ಒಳಗೆ ಹೆಣ್ಣುಮಕ್ಕಳು ಒಲೆಯ ಮುಂದೆ ಕುಳಿತಿದ್ದರು. ಊಟ ಯಾವಾಗ ಆರಂಭವೆಂದು ಕೇಳಿದೆ. ಅವರಲ್ಲಿ ಹಿರಿಯಳು ಕೈಯ ಕೆಲಸವನ್ನು ನಿಲ್ಲಿಸದೆಯೇ, "ಎಷ್ಟ ಮಂದಿ ಅದೀರಿ? ಹತ್ತರೊಳಗ ಹೇಳಿ ಹೋದ್ರ ಬಿಸಿ ರೊಟ್ಟಿ ಹಾಕ್ತೀವ್ರಿ. ಹೇಳದ ಬಂದ್ರ ಖಡಕ್ ರೊಟ್ಟಿ ಅದಾವು, ಅವನ್ನ ಉಣ್ರಿ" ಎಂದಳು. ಜೇಬಿನಲ್ಲಿದ್ದ ಕಾಗದ ನನಗೆ ನೆನಪಾಯಿತು. ಸೌತಾಂಪ್ಟನ್ನಿನ ಹಡಗೂ ರಾಣೆಬೆನ್ನೂರಿನ ಓಣಿಯೂ ಪ್ರವಾಸಿಯನ್ನು ಕೇಳುವುದು ಒಂದನ್ನೇ: ಬರುವಿಯೋ ಇಲ್ಲವೋ, ಎಷ್ಟು ಮಂದಿ, ಎಷ್ಟು ಹೊತ್ತಿಗೆ.

ಆಕೆ ಹಾಗೆ ಕೇಳುವುದಕ್ಕೆ ಕಾರಣ ಜೋಳದ ಸ್ವಭಾವದಲ್ಲಿಯೇ ಇದೆ. ಗೋಧಿಯ ಕಣಕಕ್ಕೆ ಜಿಗುಟು ಹೆಚ್ಚು; ಅದನ್ನು ನಾದಿಟ್ಟರೆ ಗಂಟೆಗಟ್ಟಲೆ ಕಾದಿರುತ್ತದೆ, ಕಾದಷ್ಟೂ ಮೃದುವಾಗುತ್ತದೆ. ಜೋಳದ ಹಿಟ್ಟಿಗೆ ಆ ಸ್ವಭಾವವಿಲ್ಲ. ಹಿಟ್ಟಿನ ನಡುವೆ ಗುಳಿ ಮಾಡಿ, ಕುದಿಯುವ ಎಸರನ್ನು ಸುರಿದು, ಕೈ ಸುಡುವಾಗಲೇ ಕೂಡಿಸಿ, ಒಂದೆರಡು ರೊಟ್ಟಿಗೆ ಬೇಕಾದಷ್ಟನ್ನೇ ತೆಗೆದುಕೊಂಡು ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು, ನಾದಿದೊಡನೆ ಬಡಿಯಬೇಕು. ತಡಮಾಡಿದರೆ ಜಿಗಿ ಹೋಗಿ ಅಂಚು ಸೀಳುತ್ತದೆ. ನಾನು ನೋಡುತ್ತಿದ್ದಂತೆ ಆಕೆ ಒಣಹಿಟ್ಟನ್ನು ಉದುರಿಸಿ, ಒಂದು ಕೈಯಿಂದ ಬಡಿಯುತ್ತ ಇನ್ನೊಂದರಿಂದ ಅಂಚನ್ನು ತಿರುಗಿಸುತ್ತ, ನೋಡುನೋಡುತ್ತಿದ್ದಂತೆ ಅದನ್ನು ಹಂಚಿನಗಲಕ್ಕೆ ಹರಡಿದಳು; ಎರಡೂ ಅಂಗೈಗಳ ಮೇಲೆ ಎತ್ತಿ ಕಾದ ಹಂಚಿಗೆ ಹಾಕಿದಳು; ಒದ್ದೆಯ ಅರಿವೆಯಿಂದ ಮೇಲ್ಮೈಗೆಲ್ಲ ನೀರು ಸವರಿದಳು; ನೀರು ಆರಿ ಬಿಳುಪು ತಿರುಗುವ ಹೊತ್ತಿಗೆ ಬರಿಯ ಬೆರಳಿನಿಂದಲೇ ಮಗುಚಿ, ಕೊನೆಗೆ ಉರಿಯ ಮುಂದೆ ನಿಲ್ಲಿಸಿದಳು. ರೊಟ್ಟಿ ಉಬ್ಬಿತು. ಈ ಕ್ರಿಯೆಯಲ್ಲಿ ಯಾವ ಹಂತವನ್ನೂ ಮುಂಚಿತವಾಗಿ ಮಾಡಿಡುವಂತಿಲ್ಲ, ಹಿಂದಕ್ಕೆ ದೂಡುವಂತಿಲ್ಲ. ಆದುದರಿಂದ ಹತ್ತು ಗಂಟೆಯೊಳಗೆ ಹೇಳಿಹೋಗುವವನು ಕಾದಿರಿಸುವುದು ಮಣೆಯನ್ನಲ್ಲ, ಬೆಂಚನ್ನಲ್ಲ. ಇಷ್ಟು ಹೊತ್ತಿಗೆ ಇಷ್ಟು ರೊಟ್ಟಿಗೆ ಆ ಕೈಗಳು ಬಿಡುವಾಗಿರಬೇಕೆಂದು ಅವನು ಕೇಳಿಕೊಳ್ಳುತ್ತಾನೆ. ಹಡಗಿನ ಚಿಕ್ಕ ಪಾಕಶಾಲೆಯಲ್ಲಿಯೂ ನಿಜವಾಗಿ ಮಿತವಾಗಿರುವುದು ಕುರ್ಚಿಯಲ್ಲ, ಕೈ. ಅಕ್ಕನಿಗೆ ನಾನು ಕೊಡಬೇಕಾದ ಉತ್ತರದ ಮೊದಲ ಎಳೆ ನನಗೆ ಸಿಕ್ಕಿದುದು ಆ ಒಲೆಯ ಮುಂದೆಯೇ.

ಅಂದು ಕೃಷ್ಣಮೃಗಗಳನ್ನು ದೂರದಿಂದ ಕಂಡೆನು. ಮಧ್ಯಾಹ್ನ ಹೇಳಿದ ಹೊತ್ತಿಗೆ ಬಂದು ಬಿಸಿ ರೊಟ್ಟಿಯನ್ನು ಉಂಡೆನು.

ಹಾವೇರಿಗೆ ಅಲ್ಲಿಂದ ಸುಮಾರು 30 ಕಿಲೋಮೀಟರು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾದ ಮೇಲೆ ಕಚೇರಿಗಳೂ ಕಚೇರಿಗೆ ಬರುವ ಜನರೂ ಹೆಚ್ಚಿ ಊರು ಬೆಳೆದಿದೆ. ಪಶ್ಚಿಮಾಭಿಮುಖವಾಗಿ ನಿಂತಿರುವ ಚಾಲುಕ್ಯರ ಕಾಲದ ಸಿದ್ಧೇಶ್ವರ ದೇವಾಲಯದಲ್ಲಿ ಸಂಜೆಯ ಬೆಳಕು ಮಂಟಪದ ಕಂಬಗಳ ಮೇಲೆ ನೇರವಾಗಿ ಬೀಳುವುದನ್ನು ನೋಡುವುದಕ್ಕಾಗಿಯೇ ಒಮ್ಮೆ ಅಲ್ಲಿಗೆ ಹೋಗಬೇಕು. ಏಲಕ್ಕಿಯನ್ನು ಪೋಣಿಸಿ ಮಾಡುವ ಹಾರಕ್ಕೆ ಈ ಊರು ಪ್ರಸಿದ್ಧ; ಬಂದ ಗಣ್ಯರ ಕೊರಳಿಗೆ ಹಾಕುವ ಆ ಹಾರವನ್ನು ಕೂಡ ಅಂಗಡಿಗೆ ಹೋದೊಡನೆ ಇಳಿಸಿಕೊಡುವುದು ಎಲ್ಲ ವೇಳೆಯಲ್ಲಿಯೂ ಆಗದು; ದೊಡ್ಡ ಹಾರವಾದರೆ ಮುಂಚಿತವಾಗಿ ಹೇಳಬೇಕು.

ಹಾವೇರಿಯಲ್ಲಿ ಖಾನಾವಳಿಗಳು ಅನೇಕ. ಬಸವೇಶ್ವರನ ಹೆಸರಿನವು, ಊರದೇವರ ಹೆಸರಿನವು, ಶುದ್ಧ ಶಾಕಾಹಾರದವು. ಮಾಂಸಾಹಾರಿಗಳಿಗೆ ಸಾವಜಿ ಅಡಿಗೆಯ ಮನೆಗಳು. ಇಷ್ಟರಲ್ಲಿ ಆರಿಸುವ ಬಗೆ ಹೇಗೆ? ನಾನು ಕಂಡಂತೆ ಹೆದ್ದಾರಿಯ ಅಂಚಿನಲ್ಲಿ ದೀಪಗಳಿಂದ ಹೊಳೆಯುವ ಫಲಕದ ಮೇಲೆ ಪಂಜಾಬಿನಿಂದ ಚೀನದವರೆಗಿನ ಅಡಿಗೆಗಳ ಹೆಸರನ್ನೆಲ್ಲ ಬರೆಸಿದ ಕಡೆ ಯಾವುದೊಂದೂ ನೆನಪಿನಲ್ಲಿ ಉಳಿಯುವಂತೆ ಇರುವುದಿಲ್ಲ. ಖಾನಾವಳಿಯಲ್ಲಿ ಪಟ್ಟಿಯೇ ಇಲ್ಲ. ಇಂದು ಬದನೆಕಾಯಿ ಎಣ್ಣೆಗಾಯಿಯಾದರೆ ಎಲ್ಲರಿಗೂ ಅದೇ. ನಾಳೆ ಪುಂಡಿಪಲ್ಯವಾದರೆ ಎಲ್ಲರಿಗೂ ಅದೇ. ಉಣ್ಣುವವನು ಆರಿಸಬೇಕಾದುದು ಮನೆಯನ್ನು, ಪದಾರ್ಥವನ್ನಲ್ಲ. ಹೊಸಿಲು ದಾಟಿದ ಮೇಲೆ ಅವನ ಆಯ್ಕೆ ಮುಗಿಯಿತು, ಅಡಿಗೆಯವಳ ಆಯ್ಕೆ ಆರಂಭವಾಯಿತು. ಕೋರ್ಟಿನ ಗುಮಾಸ್ತರು, ಶಾಲೆಯ ಮಾಸ್ತರರು, ಬಸ್ಸಿನ ಕಂಡಕ್ಟರರು, ಅಂದರೆ ಆ ಊರಿನಲ್ಲಿ ದುಡಿದು ನಿತ್ಯವೂ ಹೊರಗೆ ಉಣ್ಣಬೇಕಾದವರು, ಎಲ್ಲಿ ತಿಂಗಳ ಲೆಕ್ಕ ಇಟ್ಟಿರುತ್ತಾರೆಯೋ ಆ ಮನೆಯನ್ನು ಹುಡುಕಬೇಕು. ಒಂದು ದಿನ ಬಂದು ಹೋಗುವ ಪ್ರವಾಸಿಯನ್ನು ಬಣ್ಣದಿಂದ ಮರುಳುಗೊಳಿಸಬಹುದು. ತಿಂಗಳ ಊಟದವನನ್ನು ಮರುಳುಗೊಳಿಸುವಂತಿಲ್ಲ. "ನೀವು ಎಲ್ಲಿ ಉಣ್ತೀರಿ?" ಎಂದು ಕೇಳಿದರೆ ಯಾರೂ ತಪ್ಪು ದಾರಿ ತೋರಿಸುವುದಿಲ್ಲ, "ಎಲ್ಲಿ ಊಟ ಚಲೋ ಐತಿ?" ಎಂದು ಕೇಳಿದರೆ ಮರ್ಯಾದೆಗಾಗಿ ದೊಡ್ಡ ಹೋಟೆಲಿನ ಕಡೆಗೆ ಕೈ ತೋರಿಸಿಬಿಡುತ್ತಾರೆ.

2023ರ ಜನವರಿ 6ರಿಂದ 8ರವರೆಗೆ ಈ ಊರಿನಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ 86ನೆಯ ಅಧಿವೇಶನವು ನೆರೆಯಿತು. ಅಂತಹ ಸಮ್ಮೇಳನದ ಊಟ ಬೇರೊಂದು ವಿದ್ಯೆ. ಕೊಪ್ಪರಿಗೆಗಳಲ್ಲಿ ಬೇಯಿಸಿ ಸಹಸ್ರಾರು ಜನಕ್ಕೆ ಸಮನಾಗಿ ಬಡಿಸುವ ಆ ಔದಾರ್ಯವನ್ನು ನಾನು ಮನಃಪೂರ್ವಕವಾಗಿ ಗೌರವಿಸುತ್ತೇನೆ. ಹಡಗಿನ ದೊಡ್ಡ ಊಟದ ಮನೆಯೂ ಅದೇ ಜಾತಿಯದು. ಅದನ್ನು ಕೀಳೆಂದು ತಿಳಿದು ವಿಶೇಷ ಶಾಲೆಗಳ ಬೆನ್ನು ಹತ್ತುವುದು ಸರಿಯಲ್ಲ. ನಿತ್ಯವೂ ಎಲ್ಲರೊಡನೆ ಪಂಕ್ತಿಯಲ್ಲಿ ಉಂಡು, ಒಮ್ಮೊಮ್ಮೆ ಮಾತ್ರ ಚಿಕ್ಕ ಒಲೆಯ ಅಡಿಗೆಯನ್ನು ಹೇಳಿಟ್ಟು ಉಣ್ಣುವವನಿಗೆ ಎರಡರ ಸೊಗಸೂ ತಿಳಿಯುತ್ತದೆ.

ಬ್ಯಾಡಗಿಗೆ ಹೋಗುವವರು ಹೆದ್ದಾರಿಯನ್ನು ಮೋಟೆಬೆನ್ನೂರಿನಲ್ಲಿ ಬಿಡುತ್ತಾರೆ. ಗಾಂಧೀಜಿಯವರ ದಾಂಡಿಯಾತ್ರೆಯಲ್ಲಿ ನಡೆದು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ಮೈಲಾರ ಮಹಾದೇವಪ್ಪನವರ ಹುಟ್ಟೂರು ಅದು. ಅಲ್ಲಿ ಒಂದು ಗಳಿಗೆ ನಿಲ್ಲದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ. ಮುಂದೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿಯ ವಾಸನೆಯೇ ಬೇರೆಯಾಗುತ್ತದೆ. ಸುಗ್ಗಿಯ ತಿಂಗಳುಗಳಲ್ಲಿ ಮಾರುಕಟ್ಟೆಯ ದಿನವಾದ ಸೋಮವಾರವೋ ಗುರುವಾರವೋ ಆ ಊರನ್ನು ಹೊಗುವವನಿಗೆ ಕಣ್ಣಿಗಿಂತ ಮೊದಲು ಮೂಗು ಸುದ್ದಿ ಹೇಳುತ್ತದೆ, ಮೂಗಿನ ಬೆನ್ನಿಗೇ ಗಂಟಲು. ಪ್ರಾಂಗಣದಲ್ಲಿ ಬಾಯಿ ಬಿಚ್ಚಿದ ಚೀಲಗಳ ಸಾಲು ಕಣ್ಣು ಹರಿಯುವಷ್ಟು ದೂರ. ಒಂದೊಂದು ಚೀಲದ ಬಾಯಿಯಲ್ಲಿಯೂ ಕಡುಗೆಂಪು. ಹಮಾಲರು ಬಾಯಿಗೆ ಅರಿವೆ ಕಟ್ಟಿಕೊಂಡು ಹೊರುತ್ತಾರೆ. ಅಂಗಡಿಗಳ ಹಿಂದೆ ಹೆಣ್ಣುಮಕ್ಕಳು ರಾಶಿಯ ಸುತ್ತ ಕುಳಿತು ತೊಟ್ಟು ಬಿಡಿಸುತ್ತಾರೆ. ಬಳ್ಳಾರಿ, ರಾಯಚೂರು, ಗದಗು, ಆಂಧ್ರದ ಕರ್ನೂಲಿನ ಸೀಮೆಗಳಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ರೈತರು ತಮ್ಮ ಚೀಲಗಳ ಪಕ್ಕದಲ್ಲಿಯೇ ಮಲಗಿ, ಟೆಂಡರಿನ ಬೆಲೆ ಗೊತ್ತಾಗುವವರೆಗೆ ಅಲ್ಲಿಂದ ಕದಲುವುದಿಲ್ಲ.

ಬ್ಯಾಡಗಿ ಮೆಣಸಿನಕಾಯಿಯ ಮಹಿಮೆ ಅದರ ಬಣ್ಣದಲ್ಲಿದೆ, ಖಾರವು ಸೌಮ್ಯ. ಗಿಡ್ಡಾಗಿ ಗುಂಡಗಾಗಿ ಪರಿಮಳ ಬೀರುವುದು ಡಬ್ಬಿ. ಉದ್ದವಾಗಿ ತೆಳ್ಳಗೆ ಮೈತುಂಬ ಸುಕ್ಕುಗಟ್ಟಿರುವುದು ಕಡ್ಡಿ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇದರಿಂದ ತೆಗೆದ ಕೆಂಪು ಸತ್ತ್ವವು ಹೊರದೇಶಗಳಿಗೆ ಹೋಗಿ ಅಡಿಗೆಯ ಪದಾರ್ಥಗಳಿಗೂ ಹೆಂಗಸರ ತುಟಿಯ ಬಣ್ಣಕ್ಕೂ ಸೇರುತ್ತದೆ. ಲೋಕಕ್ಕೆಲ್ಲ ಬಣ್ಣವನ್ನು ಹಂಚುವ ಈ ಊರಿನಲ್ಲಿ ಊಟ ಹೇಗಿರುತ್ತದೆಂಬ ಕುತೂಹಲ ನನಗೆ ಬಹುದಿನಗಳಿಂದಿತ್ತು.

ಮಾರುಕಟ್ಟೆಯ ದಿನ ಬ್ಯಾಡಗಿಯ ಖಾನಾವಳಿಗಳಲ್ಲಿ ಸ್ಥಳ ಸುಲಭವಾಗಿ ಸಿಕ್ಕುವುದಿಲ್ಲ. ನಾನು ಹೊಕ್ಕ ಮನೆಯಲ್ಲಿ ಬೆಳಗಿನ ಎಂಟು ಗಂಟೆಗೇ ದಲಾಲಿ ಅಂಗಡಿಯ ಹುಡುಗನೊಬ್ಬನು ಬಾಗಿಲಿನಲ್ಲಿ ತಲೆಹಾಕಿ, "ಅಕ್ಕಾರ, ಇವತ್ತ ನಮ್ಮಂಗಡಿದು ಹದಿನೆಂಟು ಊಟ, ಅದರಾಗ ಇಬ್ಬರಿಗೆ ಖಾರ ಕಡಿಮಿ" ಎಂದು ಹೇಳಿ ಓಡಿದನು. ಬರೆದುಕೊಳ್ಳುವವರು ಯಾರೂ ಇರಲಿಲ್ಲ. ಯಜಮಾನತಿ ಕೇಳಿಕೊಂಡಳು, ಅಷ್ಟೆ. ತಮ್ಮಲ್ಲಿಗೆ ಮಾಲು ತಂದ ರೈತನ ಊಟದ ಯೋಗಕ್ಷೇಮವನ್ನು ಅಂಗಡಿಯವರು ನೋಡುವ ಈ ಕ್ರಮ ನನಗೆ ಬಹಳ ಹಿಡಿಸಿತು. ನಾನೂ ಒಬ್ಬನೆಂದು ಹೇಳಿ ಪ್ರಾಂಗಣಕ್ಕೆ ಹೋದೆನು.

ಮಧ್ಯಾಹ್ನ ಮರಳಿ ಬಂದಾಗ ನನ್ನ ಹೆಸರು ಅವರಿಗೆ ತಿಳಿಯದಿದ್ದರೂ ನನ್ನ ಊಟ ನನಗಾಗಿ ಕಾದಿತ್ತು. ಸ್ಟೀಲಿನ ತಾಟಿನ ಎಡಮೂಲೆಯಲ್ಲಿ ಉಪ್ಪು. ಅದರ ಪಕ್ಕದಲ್ಲಿ ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಗುರೆಳ್ಳಿನ ಪುಡಿ. ಪುಡಿಗಳ ನಡುವೆ ಬೆರಳಿನಿಂದ ಗುಳಿ ಮಾಡಿ ಶೇಂಗಾ ಎಣ್ಣೆ. ಅದರಾಚೆ, ಡಬ್ಬಿ ಮೆಣಸಿನಕಾಯಿಯನ್ನು ನೆನೆಸಿ ಬೆಳ್ಳುಳ್ಳಿಯೊಡನೆ ಅರೆದ ಕೆಂಪು ಖಾರ. ಹಸಿ ಮೆಂತ್ಯಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿಯ ಹೋಳು. ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಗಟ್ಟಿಮೊಸರು. ಆ ಕೆಂಪು ಖಾರವನ್ನು ಕಂಡು ಅಳುಕಿದ ನಾನು ರೊಟ್ಟಿಯ ಚೂರಿನ ತುದಿಗೆ ಮಾತ್ರ ತಾಗಿಸಿ ಬಾಯಿಗಿಟ್ಟೆನು. ಕಣ್ಣಿಗೆ ಬೆಂಕಿಯಂತೆ ಕಂಡದ್ದು ನಾಲಗೆಗೆ ಹಿತವಾಗಿತ್ತು. ಬೇರೆ ಊರುಗಳಲ್ಲಿ ಈ ಖಾರವನ್ನು ಇದೇ ಹೆಸರಿನಿಂದ ಉಂಡಿದ್ದೇನೆ. ಆ ಪರಿಮಳ ಅಲ್ಲಿರಲಿಲ್ಲ. ಬೆಳೆ ಬಂದು ಬೀಳುವ ಊರಿನಲ್ಲಿಯೇ ಅದರ ಅಡಿಗೆಯನ್ನು ಉಣ್ಣಬೇಕೆಂಬುದು ಅಂದು ನನಗೆ ನಿಶ್ಚಯವಾಯಿತು.

ನಾನು ಉಂಡು ಕೈತೊಳೆದ ಮೇಲೂ ಒಳಕೋಣೆಯಲ್ಲಿ ಒಂದು ಸಾಲಿನ ತಾಟುಗಳು ಬೋರಲಾಗಿಯೇ ಇದ್ದುವು. ವಿಚಾರಿಸಲಾಗಿ, ಕಾಗಿನೆಲೆಗೆ ಹೋಗುವ ಪ್ರವಾಸಿಗಳ ತಂಡವೊಂದು ಹಿಂದಿನ ದಿನವೇ ಫೋನಿನಲ್ಲಿ ಹೋಳಿಗೆಯ ಊಟ ಹೇಳಿಟ್ಟಿತ್ತೆಂದು ತಿಳಿಯಿತು. ಮೂರು ಗಂಟೆಯಾಯಿತು, ಬರಲಿಲ್ಲ, ಬರುವುದಿಲ್ಲವೆಂಬ ಸುದ್ದಿಯನ್ನೂ ಕಳುಹಿಸಲಿಲ್ಲ. ಹೋಳಿಗೆಯ ಶ್ರಮವನ್ನು ಬಲ್ಲವರೇ ಬಲ್ಲರು: ನಸುಕಿನಲ್ಲಿ ಎದ್ದು ಬೇಳೆ ಬೇಯಿಸಿ ಕಟ್ಟು ಬಸಿದು, ಬೆಲ್ಲ ಕೂಡಿಸಿ ಕುದಿಸಿ, ಹೂರಣ ರುಬ್ಬಿ, ಕಣಕವನ್ನು ಎಣ್ಣೆಯಲ್ಲಿ ನೆನೆಯಿಟ್ಟು, ಆಮೇಲೆ ಒಂದೊಂದನ್ನೇ ತಟ್ಟಬೇಕು. ಯಜಮಾನತಿ ಬೈಯಲಿಲ್ಲ. ಹಮಾಲರನ್ನು ಕರೆದು ಕೂರಿಸಿ ಹೋಳಿಗೆ ಬಡಿಸಿದಳು. ತುಪ್ಪವನ್ನೂ ಕಡಿಮೆ ಮಾಡಲಿಲ್ಲ. ನಷ್ಟವಾಯಿತಲ್ಲವೆ ಎಂದು ನಾನು ಕೇಳಿದ್ದಕ್ಕೆ, "ಹೋಳಿಗಿ ಹೆಂಗರ ಖರ್ಚಾದ್ವಲ್ರಿ. ಬರ್ತೇವಂದು ಮಾತು ಕೊಟ್ಟಿದ್ರು, ನಮ್ಮ ಹುಡುಗ್ಯಾರು ನಾಕಕ್ಕ ಎದ್ದಿದ್ರು. ಅದಕ್ಕ ಮನಸಿಗೆ ಬ್ಯಾಸರ" ಎಂದಳು.

ಹಡಗಿನವರು ಬಾರದವನಿಂದ ದಂಡವನ್ನು ಕಸಿಯುವ ನಿಯಮವನ್ನು ಮೊದಲು ಓದಿದಾಗ ನನಗೆ ಅದು ಕಠಿನವಾಗಿ ಕಂಡಿತ್ತು. ಬ್ಯಾಡಗಿಯ ಆ ಬೋರಲು ತಾಟುಗಳನ್ನು ನೋಡಿದ ಮೇಲೆ ಅದು ನ್ಯಾಯವೆಂದೇ ತೋರಿತು. ನಮ್ಮ ಖಾನಾವಳಿಯ ತಾಯಂದಿರು ದಾಕ್ಷಿಣ್ಯಕ್ಕೆ ಸಿಕ್ಕಿ ದಂಡವನ್ನು ಕೇಳಲಾರರು. ಆ ದಾಕ್ಷಿಣ್ಯವನ್ನು ದುರುಪಯೋಗಪಡಿಸುವವರು ವಿದ್ಯಾವಂತರೂ ಅನುಕೂಲಸ್ಥರೂ ಆಗಿರುವುದನ್ನು ಕಂಡು ನನಗೆ ವ್ಯಥೆಯಾಗುತ್ತದೆ.

ಆ ತಂಡವು ಹೋಗಬೇಕಾಗಿದ್ದ ಕಾಗಿನೆಲೆಗೆ ನಾನು ಸಂಜೆಯ ಹೊತ್ತಿಗೆ ಹೋದೆನು. ಕನಕದಾಸರ ನೆಲ ಅದು. ಅಕ್ಕಿ ಮತ್ತು ರಾಗಿ ತಮ್ಮಲ್ಲಿ ಯಾರು ಹೆಚ್ಚೆಂದು ಶ್ರೀರಾಮನ ಸಭೆಯಲ್ಲಿ ವಾದಿಸಿ, ಆರು ತಿಂಗಳ ಸೆರೆಯಲ್ಲಿ ಕೆಡದೆ ಉಳಿದ ರಾಗಿಯು ಗೆಲ್ಲುವ 'ರಾಮಧಾನ್ಯ ಚರಿತೆ' ಅವರದು. ಧಾನ್ಯಗಳಲ್ಲಿ ಮೇಲುಕೀಳನ್ನು ನಿರ್ಣಯಿಸುವವರು ಹೊಳಪನ್ನು ನೋಡದೆ ಬಾಳಿಕೆಯನ್ನು ನೋಡಬೇಕೆಂದು ಹೇಳಬಲ್ಲ ಕವಿ ಈ ಸೀಮೆಯಲ್ಲಿ ಹುಟ್ಟಿದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ರಾಣೆಬೆನ್ನೂರಿಗೆ ಮರಳಿ ಅಕ್ಕನ ಪಡಸಾಲೆಯಲ್ಲಿ ಪಟ್ಟಿಯನ್ನು ಬಿಚ್ಚಿದಾಗ ನನ್ನ ಮಾತು ಸಿದ್ಧವಾಗಿತ್ತು. ಎಲ್ಲ ರಾತ್ರಿಗಳಿಗೂ ವಿಶೇಷ ಶಾಲೆಯನ್ನು ಹೇಳಿಡುವುದು ಬೇಡ. ಮಗಳು ಅಳಿಯ ಮೊಮ್ಮಕ್ಕಳೊಡನೆ ದೊಡ್ಡ ಮನೆಯ ಗೊತ್ತಾದ ಮೇಜಿನಲ್ಲಿಯೇ ಉಣ್ಣಿರಿ. ನಾಲ್ಕು ದಿನ ಕಳೆಯುವಷ್ಟರಲ್ಲಿ ಬಡಿಸುವವರಿಗೆ ನಿಮ್ಮ ರುಚಿ ತಿಳಿಯುತ್ತದೆ. ಮಾಂಸ, ಮೀನು, ಮೊಟ್ಟೆ ಸಲ್ಲವೆಂಬುದನ್ನು ಹಡಗು ಹತ್ತಿದ ಮೇಲೆ ಹೇಳಬೇಡಿರಿ, ಸ್ಥಳ ಗೊತ್ತುಮಾಡುವಾಗಲೇ ಬರೆಯಿಸಿರಿ. ಬ್ಯಾಡಗಿಯ ಹುಡುಗನು ಇಬ್ಬರಿಗೆ ಖಾರ ಕಡಿಮೆಯೆಂದು ಬೆಳಿಗ್ಗೆ ಹೇಳಿದ್ದರಿಂದಲೇ ಮಧ್ಯಾಹ್ನ ಅವರಿಗೆ ಬೇರೆ ಪಲ್ಯವಿತ್ತು. ವಿಶೇಷ ಶಾಲೆಯಲ್ಲಿ ಉಣ್ಣುವ ದಿನ ನಡುಗಡಲಿನ ದಿನವಾಗಿರಲಿ. ಬಂದರಿನಲ್ಲಿಳಿದು ಸುತ್ತಾಡಿ ದಣಿದು ಬಂದ ಸಂಜೆ ವಯಸ್ಸಾದವರಿಗೆ ಹೇಳಿದ ಹೊತ್ತಿಗೆ ಹೋಗುವುದು ಆಗದೆ ಹೋಗಬಹುದು. ಕಡೆಯದಾಗಿ, ಹಡಗು ಯಾವ ತೀರವನ್ನು ಮುಟ್ಟುವುದೋ ಆ ತೀರದ ಅಡಿಗೆಯನ್ನು ಆರಿಸಿರಿ. ನಮ್ಮ ದೇಶದ ಅಡಿಗೆ ಮಗಳ ಮನೆಯಲ್ಲಿ ಇದ್ದೇ ಇದೆ.

ಭಾವನವರು ಇಟಲಿಯ ಹೆಸರಿನ ಮೇಲೆ ಪೆನ್ಸಿಲನ್ನು ಊರಿ ಅಕ್ಕನ ಮುಖವನ್ನು ನೋಡಿದರು. ಆಕೆ ಕೇಳಿದುದು ಒಂದೇ ಮಾತು: "ಅಲ್ಲೆ ಹಿಟ್ಟು ಅವರs ನಾದ್ತಾರೇನು? ನಾದೂದು ನಮಗ ಕಾಣತೈತೇನು?" ಪಟ್ಟಿಯಲ್ಲಿ ನೋಡಿದೆವು. ಶಾವಿಗೆಯಂತಹ ಅಲ್ಲಿಯ ಪದಾರ್ಥವನ್ನು ದಿನವೂ ಕೈಯಿಂದಲೇ ಮಾಡುವರೆಂದೂ, ಪಾಕಶಾಲೆಯು ಉಣ್ಣುವವರ ಎದುರಿಗೇ ತೆರೆದಿದೆಯೆಂದೂ ಬರೆದಿದ್ದರು. ಕೆಂಪು ಗೆರೆ ಬಿತ್ತು. ಭಾವನವರು ಆ ರಾತ್ರಿಯೇ ಮಗಳಿಗೆ ಹೇಳಿ ನಡುಗಡಲಿನ ಸಂಜೆಯ ಮೊದಲನೆಯ ಹೊತ್ತಿಗೆ ಸ್ಥಳವನ್ನು ಗೊತ್ತುಮಾಡಿಸಿದರು.

ಈ ಬರಹವನ್ನು ಓದುವವರಲ್ಲಿ ಹಡಗನ್ನೇರುವವರು ಕೆಲವರಿರಬಹುದು. ಪುಣೆ ಬೆಂಗಳೂರು ಹೆದ್ದಾರಿಯಲ್ಲಿ ಹಾದುಹೋಗುವವರು ಬಹುಮಂದಿ. ಅವರಲ್ಲಿ ನನ್ನ ವಿನಂತಿ ಇಷ್ಟೆ. ಹಾವೇರಿಯಲ್ಲಾಗಲಿ ರಾಣೆಬೆನ್ನೂರಿನಲ್ಲಾಗಲಿ ಬ್ಯಾಡಗಿಯಲ್ಲಾಗಲಿ ಬಿಸಿ ರೊಟ್ಟಿಯ ಊಟ ಬೇಕಾದರೆ ಬೆಳಗಿನ ಹತ್ತರೊಳಗೆ ಎಷ್ಟು ಮಂದಿಯೆಂದು ಹೇಳಿರಿ, ಹೇಳಿದ ಹೊತ್ತಿಗೆ ಹೋಗಿರಿ. ಹೋಗಲಾಗದಿದ್ದರೆ ಹನ್ನೊಂದರೊಳಗೆ ಒಂದು ಫೋನು ಮಾಡಿರಿ. ಹನ್ನೊಂದರ ಮೇಲೆ ಹಿಟ್ಟಿಗೆ ಎಸರು ಬಿದ್ದಿರುತ್ತದೆ.